ಇಪ್ಪತ್ತು ಲೀಟರಿನ ಕ್ಯಾನು

ಹೆಂಡತಿಗೆ ಗರ್ಭಕೋಶದ ಆಪರೇಷನ್ ಆದಾಗ, ಮೂರು ತಿಂಗಳು ಭಾರ ಎತ್ತಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ನಾನು ಬಲು ಜವಾಬ್ದಾರಿಯುಳ್ಳ ಗಂಡನಂತೆ ತಲೆಯಾಡಿಸಿದೆ. ನಮ್ಮ ಮನೆಯಲ್ಲಿ ಭಾರವೆಂದು ಎತ್ತುವುದು ಏನಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದ ಮರುದಿನವೇ ಗೊತ್ತಾಯಿತು. ಕುಡಿಯುವ ಫಿಲ್ಟರ್ ನೀರಿನ ಕ್ಯಾನು.

ಸಿಂಧನೂರಿನ ನಮ್ಮ ಓಣಿಯಲ್ಲಿ ಗಾಡಿಯವನು ಕ್ಯಾನನ್ನು ಬಾಗಿಲಲ್ಲಿ ಇಟ್ಟು ಹೋಗುತ್ತಾನೆ. ಅಲ್ಲಿಂದ ಅದು ಅಡುಗೆಕಟ್ಟೆಯ ಮೇಲೆ ಹೇಗೆ ಹತ್ತುತ್ತದೆಂದು ಇಷ್ಟು ವರ್ಷ ನಾನು ಯೋಚಿಸಿರಲೇ ಇಲ್ಲ. ಮಸ್ಕಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಇಪ್ಪತ್ತು ಲೀಟರ್ ನೀರೆಂದರೆ ಇಪ್ಪತ್ತು ಕೆಜಿ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವನು. ಬರೆದಷ್ಟು ಸುಲಭವಾಗಿ ಎತ್ತಲಾಗಲಿಲ್ಲ. ಕ್ಯಾನು ಎದೆಮಟ್ಟಕ್ಕೆ ಬಂದು, ಮನಸ್ಸು ಬದಲಿಸಿ, ಕೈಜಾರಿತು. ಅಡುಗೆಮನೆ ನಾಟಿಗೆ ಸಿದ್ಧವಾದ ಗದ್ದೆಯಂತಾಯಿತು.

"ಸರೀರಿ ಆ ಕಡಿ, ಇನ್ನೊಂದು ಕ್ಯಾನ್ ನಾನ ಎತ್ತತೀನಿ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ಮಂಚದಿಂದ ಎದ್ದಳು.

"ಕುಂದ್ರು! ಹೊಲಿಗಿ ಬಿಚ್ಚಿದ್ರ ಏನ್ ಗತಿ?" ಎಂದು ಕೂಗಿದೆ.

ಅಂದಿನಿಂದ ಪಕ್ಕದ ಮನೆಯಾಕೆ ಬಂದು ಎತ್ತಿಟ್ಟು, "ಪಾಪ, ಮಾಸ್ತರ್‍ಗೆ ಆಗಂಗಿಲ್ಲ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಹೋಗತೊಡಗಿದಳು. ಆಕೆ ಲಿಂಗಸೂಗೂರಿನ ಮಗಳ ಮನೆಗೆ ಹೋದ ದಿನ ನಾನು ಕ್ಯಾನಿನ ಅಗಲ ಮುಚ್ಚಳ ತೆಗೆದು, ತಂಬಿಗೆಯಿಂದ ತೋಡಿ ತೋಡಿ ಕೊಡ ತುಂಬಿಸಿದೆ. ಮಸ್ಕಿ ಬಸ್ಸು ತಪ್ಪಿತು. ಹೆಂಡತಿ ಕ್ಯಾನನ್ನು ನೋಡುತ್ತಿದ್ದ ರೀತಿ ನೋಡಿ ನನಗೆ ಭಯವಾಯಿತು. ನಾನು ಒಂದು ದಿನ ಬಸ್ಸು ಹತ್ತಿದ್ದೇ ತಡ, ಇವಳು ಎತ್ತಿಯೇ ಎತ್ತುತ್ತಾಳೆ. ಅದಕ್ಕೇ ಜಿಮ್ಮು ಸೇರಿದೆ.

ಗೊಬ್ಬರದಂಗಡಿಯ ಮೇಲಿನ ಜಿಮ್ಮು ಅದು. "ಬಾಡಿ ಬೆಳಸ್ತೀರೋ, ಟೋನಿಂಗ್ ಮಾಡ್ತೀರೋ?" ಎಂದು ಮಾಲಕ ಕೇಳಿದ. ಕ್ಯಾನು ಎತ್ತಬೇಕು ಎನ್ನಲು ನಾಚಿ, ಎರಡೂ ಎಂದೆ. ಟ್ರೇನರ್ ಎಲ್ಲಿ ಎಂದು ಕೇಳಿದ್ದಕ್ಕೆ, "ಅದಾನ್ರಿ. ಕಾಲುವಿಗೆ ನೀರು ಬಿಟ್ಟಾರಲ್ಲ, ಜವಳಗೇರಾಕ ನಾಟಿ ಹಚ್ಚಾಕ ಹೋಗ್ಯಾನ. ಮುಗದ ಮ್ಯಾಲ ಬರ್ತಾನ," ಎಂದ.

ನಾಟಿ ಮುಗಿಯುವ ತನಕ ನನಗೆ ನಾನೇ ಗುರು. ಮಾಸ್ತರಿಕೆಯ ಚಟ, ನೋಟ್‌ಬುಕ್ಕಿನಲ್ಲಿ ಪಾಠಟಿಪ್ಪಣಿ ಬರೆದುಕೊಂಡೆ: ಸೋಮವಾರ ಎದೆ, ಮಂಗಳವಾರ ಬೆನ್ನು, ಶನಿವಾರ ಪುನರಾವರ್ತನೆ. ಮೊಬೈಲಿನಲ್ಲಿ ಒಬ್ಬ ಹಿಂದಿಯಲ್ಲಿ ಸೊಂಟ ನೆಟ್ಟಗಿರಲಿ ಎಂದು ಒಂದೇ ಸಮನೆ ಅರಚುತ್ತಿದ್ದ. ಸೊಂಟ ನೆಟ್ಟಗಿಟ್ಟರೆ ನನ್ನ ಕೈಗೆ ಕಬ್ಬಿಣ ಎಟುಕುತ್ತಿರಲಿಲ್ಲ. ಸಿಟ್ಟು ಬಂದು ಮೊಬೈಲು ಬಂದ್ ಮಾಡಿ, ಪಕ್ಕದಲ್ಲಿದ್ದ ನನ್ನ ವಯಸ್ಸಿನ, ದೊಡ್ಡ ಮೀಸೆಯ ತುರ್ವಿಹಾಳದ ರೈತನನ್ನು ನೋಡಿ ನೋಡಿ ಮಾಡತೊಡಗಿದೆ. ಆತ ತಿರುಗಿದರೆ ನಾನೂ ತಿರುಗಿದೆ. ಆತ ಬಗ್ಗಿದರೆ ನಾನೂ ಬಗ್ಗಿದೆ. ಒಂದು ಬುಧವಾರ ಇಬ್ಬರೂ ಬಹಳ ಹೊತ್ತು ಒಂಟಿಗಾಲಲ್ಲಿ ನಿಂತಿದ್ದೆವು.

ಕೊನೆಗೆ ಆತನೇ ಕೇಳಿದ. "ಸರ, ಹಿಂಗ ನಿಂತರ ಯಾವ ಭಾಗ ಗಟ್ಟಿ ಆಕ್ಕೈತ್ರಿ?"

"ನನಗೇನು ಗೊತ್ತು? ನಿಮ್ಮನ್ನ ನೋಡಿ ಮಾಡಾಕತ್ತೀನಿ."

"ಅಯ್ಯ ಶಿವನ! ನಾ ನಿಮ್ಮನ್ನ ನೋಡಿ ಮಾಡಾಕತ್ತೀನ್ರಿ! ನಿಮ್ಮ ಕೈಯಾಗ ನೋಟ್‌ಬುಕ್ ಐತಲ್ಲ!"

ಅಂದು ನಾನು ಮೊದಲು ಕಾಲೆತ್ತಿದ್ದು ಮೀನಖಂಡ ಹಿಡಿದುಕೊಂಡಿತ್ತು ಎಂದು. ಆತನೂ ಎತ್ತಿದ್ದನ್ನು ನೋಡಿ, ಇದೂ ಒಂದು ವ್ಯಾಯಾಮವಿರಬೇಕೆಂದು ನಾನು ಕಾಲು ಇಳಿಸದೆ ಮುಂದುವರಿಸಿದ್ದೆ.

ಆದರೂ ತಿಂಗಳಾಗುವಷ್ಟರಲ್ಲಿ ತೋಳು ಸ್ವಲ್ಪ ಉಬ್ಬಿತು, ಗರ್ವ ಅದಕ್ಕಿಂತ ಹೆಚ್ಚು ಉಬ್ಬಿತು. ಒಂದು ಭಾನುವಾರ, ಇನ್ನು ಪಕ್ಕದ ಮನೆಯಾಕೆಯನ್ನು ಕರೆಯಬೇಡವೆಂದು ಹೆಂಡತಿಗೆ ಹೇಳಿ, ತೋಳೇರಿಸಿ ಕ್ಯಾನಿನ ಮುಂದೆ ನಿಂತೆ. ಅವಳು ಕುರ್ಚಿ ಹಾಕಿಕೊಂಡು ಕೂತಳು. ಕಬ್ಬಿಣ ಇಟ್ಟಲ್ಲಿ ಇರುತ್ತದೆ, ನೀರು ಒಳಗೇ ಓಡಾಡುತ್ತದೆ. ಮೊಣಕಾಲ ತನಕ ಬಂದ ಕ್ಯಾನು ಅತ್ತಿತ್ತ ತೊನೆದು ನನ್ನನ್ನೇ ಎಳೆಯತೊಡಗಿತು. ಅವಳ ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕುರ್ಚಿಯ ಹಿಡಿಕೆಯ ಮೇಲೆ. ಇನ್ನೇನು ಎದ್ದೇಬಿಡುತ್ತಾಳೆ.

"ಏಳಬ್ಯಾಡ!" ಎಂದೆ.

"ಏಳಂಗಿಲ್ಲ. ನಾ ಹೇಳ್ದಂಗ ಮಾಡ್ರಿ. ಕೆಳಗಿಡ್ರಿ ಅದನ್ನ. ಸೊಂಟ ಬಗ್ಗಸಬ್ಯಾಡ್ರಿ, ಮೊಣಕಾಲ ಬಗ್ಗಸ್ರಿ. ಹೊಟ್ಟಿಗೆ ಅವಚಿಕೊಳ್ರಿ. ಮೊದ್ಲ ತೊಡಿ ಮ್ಯಾಲ ಇಡ್ರಿ, ನೀರು ನಿಲ್ಲಲಿ. ಹಾಂ... ಈಗ ಎತ್ರಿ."

ಎತ್ತಿದೆ. ಕ್ಯಾನು ಕಟ್ಟೆಯ ಮೇಲೆ ಕೂತಿತು. ಒಂದು ಹನಿ ಚೆಲ್ಲಲಿಲ್ಲ. ಅವಳು ಉಸಿರು ಬಿಟ್ಟು ಹೊಟ್ಟೆಯ ಮೇಲಿನ ಕೈ ತೆಗೆದಳು.

ಖುಷಿಯಲ್ಲಿ ಪೆದ್ದನಂತೆ ಕೇಳಿದೆ. "ಇದನ್ನೆಲ್ಲ ನಿನಗ ಯಾರು ಕಲಿಸಿದ್ರು?"

"ಯಾರು ಕಲಸ್ತಾರ?" ಎಂದು ಅವಳು ನಕ್ಕಳು. "ನೀವು ಬಸ್ಸಿಗೆ ಹೋಗಿರತಿದ್ರಿ. ಮನಿಗೆ ನೀರು ಬೇಕಾಗಿತ್ತು."

ನನಗೆ ಬಹಳ ನಾಚಿಕೆಯಾಯಿತು. ಕ್ಯಾನಿನ ನಲ್ಲಿ ತಿರುವಿ ಮೊದಲ ಲೋಟ ಅವಳಿಗೆ ಕೊಟ್ಟೆ.