ಹತ್ತು ವರ್ಷದ ದೀಪದ ಕಂತು

ಘಟ್ಟದ ಮೇಲಿನ ಒಂದು ಸಣ್ಣ ಪುರಸಭೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹತ್ತು ಗಂಟೆಗೆ ಐದು ನಿಮಿಷ ಮೊದಲೇ ಕುರ್ಚಿಯಲ್ಲಿರುವುದು, ಆ ದಿನದ ಕಡತವನ್ನು ಆ ದಿನವೇ ಮುಗಿಸುವುದು ಓದುವಾಗ ಹಾಸ್ಟೆಲ್ಲಿನಲ್ಲಿ ಕಲಿತ ಅಭ್ಯಾಸ.

ಬೀದಿದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿ ನೋಡಿಕೊಳ್ಳಲು ಹತ್ತು ವರ್ಷದ ಗುತ್ತಿಗೆಯ ಪ್ರಸ್ತಾವ ಬಂತು. ಮೊದಲ ಕಂತು ಸಣ್ಣದು, ಆಮೇಲೆ ವರ್ಷವರ್ಷವೂ ಏರಿಕೆ. ಬಜೆಟ್ ನಮೂನೆಯಲ್ಲಿ ಇದ್ದದ್ದು ಹೋದ ವರ್ಷ, ಈ ವರ್ಷ, ಮುಂದಿನ ವರ್ಷ, ಮೂರೇ ಕಾಲಂ. ಮೊದಲ ಕಂತನ್ನು ಬರೆದೆ. ಉಳಿದ ಒಂಬತ್ತಕ್ಕೆ ಜಾಗವಿರಲಿಲ್ಲ. ಬೇರೆ ಹಾಳೆ ಲಗತ್ತಿಸಬಹುದಿತ್ತು. ನಮೂನೆ ಕೇಳದ್ದನ್ನು ಕೊಡುವ ರೂಢಿ ನನಗಿರಲಿಲ್ಲ. ಸಭೆ ಐದು ನಿಮಿಷದಲ್ಲಿ ಒಪ್ಪಿತು.

ನಾಲ್ಕನೇ ವರ್ಷಕ್ಕೆ ಕಂತು ಭಾರವಾಯಿತು. ಒಪ್ಪಂದದ ಪ್ರಕಾರ ಅದನ್ನು ಎಲ್ಲಕ್ಕಿಂತ ಮೊದಲು ಕಟ್ಟಬೇಕು. ನಡುವೆ ಬಿಟ್ಟರೆ ಉಳಿದ ವರ್ಷಗಳ ಹಣವನ್ನೂ ಒಟ್ಟಿಗೆ ಕೊಡಬೇಕು. ಸಂಬಳದ, ಕಸದ ಗಾಡಿಯ ಡೀಸೆಲ್ಲಿನ ಹಣ ಮುಟ್ಟುವಂತಿರಲಿಲ್ಲ. ಗುಡ್ಡದ ಕೇರಿಗೆ ನೀರಿನ ಪೈಪ್ ಹಾಕಲು ಇಟ್ಟಿದ್ದ ಹಣವನ್ನೇ ತೆಗೆದು ದೀಪಕ್ಕೆ ಹಾಕಿದೆ. ಮರುವರ್ಷವೂ ಅದೇ.

ಆ ಕೇರಿಯ ಒಬ್ಬ ಹೆಂಗಸು ಹೊಂಗಡಹಳ್ಳದ ಕಡೆಯ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಪ್ರತಿವರ್ಷ ಒಂದು ದಿನದ ಕೂಲಿ ಬಿಟ್ಟು, ಊರವರ ಬೇಡಿಕೆ ಕೇಳುವ ಬಜೆಟ್ ಪೂರ್ವಭಾವಿ ಸಭೆಗೆ ಬರುವಳು.

"ಈ ಸಲನಾದ್ರೂ ಪೈಪ್ ಐತಾ ಮೇಡಮ್ಮೋರೆ?"

"ಇಲ್ಲಮ್ಮ. ದೀಪದ ಕಂತು ಕಟ್ಟಬೇಕು."

"ದೀಪ ಚೆನ್ನಾಗೈತೆ ಕಣ್ರೀ. ಕೊಡ ಹೊತ್ಕಂಡು ಗುಡ್ಡ ಹತ್ತೋವಾಗ ಎಲ್ಲಿ ಜಾರ್ತೀನಿ ಅಂತ ಸರಿಯಾಗಿ ಕಾಣ್ತೈತೆ."

ನನ್ನ ಪಕ್ಕದಲ್ಲಿ ಕೂತಿದ್ದ ಪುರಸಭೆಯ ಮುಖ್ಯಾಧಿಕಾರಿ ನಕ್ಕರು. ಅವಳು ನಗಲಿಲ್ಲ.

"ಮೆಣಸಿನ ಬಳ್ಳಿ ನೆಡೋಕೆ ಮುಂಚೆ ನಮ್ಮ ತೋಟದ ಲೆಕ್ಕ ಬರಿಯೋ ರೈಟ್ರು ಫಸಲು ಬರೋಗಂಟ ಏನೇನು ಖರ್ಚು ಅಂತ ಬರ್ಕತಾರೆ. ನೀವು ಬರ್ಕಳ್ಲಿಲ್ವಾ?"

ನಮೂನೆಯಲ್ಲಿ ಕಾಲಂ ಇರಲಿಲ್ಲ ಎಂದು ಅವಳಿಗೆ ಹೇಳಲಿಲ್ಲ. ಗುತ್ತಿಗೆ ಮುಗಿಯಲು ಇನ್ನು ಐದು ವರ್ಷ ಎಂದೆ.

"ಐದಾ," ಎಂದು ಮಂಡಿ ಒತ್ತಿಕೊಂಡಳು. "ಅಷ್ಟೊತ್ತಿಗೆ ನನ್ ಕೈಲಿ ಗುಡ್ಡ ಹತ್ತಾಕಾಗಲ್ಲ ಬುಡಿ."

ಆ ವಾರ ಐದೂ ವರ್ಷದ ಕಂತುಗಳನ್ನು ಬೇರೆ ಹಾಳೆಯಲ್ಲಿ ಬರೆದು ಬಜೆಟ್ಟಿಗೆ ಪಿನ್ ಮಾಡಿ ಕೊಟ್ಟೆ. ಮುಖ್ಯಾಧಿಕಾರಿ ಓದಿ, ಪಿನ್ ಬಿಚ್ಚಿ ಹಾಳೆಯನ್ನು ನನ್ನ ಕೈಗಿಟ್ಟರು.

"ಇದನ್ನ ಈಗ ನೋಡಿ ಏನು ಮಾಡೋದು ಮೇಡಂ? ಸಹಿ ಆಗಿಹೋಗಿದೆ."

ಅವರ ಮಾತು ಸರಿಯಾಗಿಯೇ ಇತ್ತು. ಪೈಪಿನ ಮುಂದೆ ಸೊನ್ನೆ ಬರೆದೆ.

ಮುಂದಿನ ವರ್ಷದ ಸಭೆಗೆ ಅವಳು ಬರಲಿಲ್ಲ. ಕೂಲಿ ಬಿಟ್ಟು ಬಂದು ಪ್ರಯೋಜನವಿಲ್ಲವೆಂದು ಅವಳಿಗೆ ತಿಳಿದಿತ್ತು. ನನಗೂ ತಿಳಿದಿತ್ತು; ಆದರೆ ನಾನು ಹೋಗಲೇಬೇಕಿತ್ತು.