ಕಳೆಯದೆ ಬಿಟ್ಟ ಒಂದೂವರೆ ಇಂಚು

ಶಾಲೆಯ ಮೆಟ್ಟಿಲು ಹತ್ತದಿದ್ದರೂ ಲೆಕ್ಕವೆಂದರೆ ತನಗೆ ಅಂಗೈ ನೆಲ್ಲಿಕಾಯಿ ಎಂದು ಬಡಗಿ ತಾತ ನಲವತ್ತು ವರ್ಷ ಜಂಬ ಕೊಚ್ಚಿಕೊಂಡವನು. ಭಿನ್ನರಾಶಿಗೆ ಹೆದರಿ ಮೊಮ್ಮಗಳು ಗಣಿತದ ಪುಸ್ತಕ ಮುಟ್ಟುವುದನ್ನೇ ಬಿಟ್ಟಾಗ, ಅವಳಿಗೆ ಧೈರ್ಯ ತುಂಬುವ ಹೊಣೆಯನ್ನು ತಾನೇ ಹೊತ್ತ.

"ಬಾ ಪುಟ್ಟಿ, ನಿನ್ನ ಪುಸ್ತಕಕ್ಕೊಂದು ಕಪಾಟು ಮಾಡೋಣ. ಹೊರಗಿನ ಅಗಲ ಮೂವತ್ತಾರು ಇಂಚು. ನೋಡ್ತಾ ಕಲಿ" ಎಂದವನೇ ಅಡ್ಡಹಲಗೆಯನ್ನೂ ಮೂವತ್ತಾರಕ್ಕೇ ಕೊಯ್ದ. ಪಕ್ಕದ ಹಲಗೆಗಳ ನಡುವೆ ಅದು ಕೂರಲಿಲ್ಲ. ತಾತ ಸುತ್ತಿಗೆಯಿಂದ ಬಡಿದ, ಮರ ಉಬ್ಬಿದೆ ಎಂದು ಮರವನ್ನೇ ಬೈದ.

ಮೊಮ್ಮಗಳು ಪಕ್ಕದ ಹಲಗೆಯ ದಪ್ಪಕ್ಕೆ ಟೇಪು ಹಿಡಿದಳು. "ತಾತ, ಇದು ಮುಕ್ಕಾಲು ಇಂಚು, ಆ ಕಡೇದೂ ಮುಕ್ಕಾಲು. ಒಟ್ಟು ಒಂದೂವರೆ. ನೀನು ಅದನ್ನ ಕಳೀಲೇ ಇಲ್ಲ."

"ನೆಲ್ಲಿಕಾಯಿ ಅಂಗೈಯಿಂದ ಉರುಳಿ ಹೋಯ್ತಾ?" ಒಳಗಿನಿಂದ ಅಜ್ಜಿ ಕೇಳಿದಳು.

ಬೇಕೆಂದೇ ತಪ್ಪು ಮಾಡಿದೆ ಎನ್ನುವ ಸುಳ್ಳು ತಾತನ ನಾಲಗೆಯ ತುದಿಗೆ ಬಂದಿತ್ತು. ಮಗುವಿನ ಅರಳಿದ ಮುಖ ಕಂಡು ಅದನ್ನು ನುಂಗಿಕೊಂಡ. ಕಿವಿಯ ಮೇಲಿದ್ದ ಪೆನ್ಸಿಲನ್ನು ಅವಳ ಕೈಗಿತ್ತ.

"ನಾನೇ ತಪ್ಪಿದೆ ಕಣವ್ವ. ಎಲ್ಲಿ ಕೊಯ್ಯಬೇಕೋ ನೀನೇ ಗೆರೆ ಎಳಿ."

ಮೂವತ್ತನಾಲ್ಕೂವರೆಗೆ ಗೆರೆ ಎಳೆದು ಅವಳು ಹೇಳಿದಳು: "ಎರಡು ಸಲ ಅಳೆದಿದ್ದೀನಿ ತಾತ, ನಿನ್ನ ಥರ ಅಲ್ಲ."