ಎರಡು ಗುಂಪಿನ ಊರಿಗೆ ನೀರು ಬಿಡುವ ಓಬಳಮ್ಮ

ಕೊಡಿಗೇನಹಳ್ಳಿಯಿಂದ ಹಿಂದೂಪುರಕ್ಕೆ ಹೋಗುವ ಮೊದಲ ಬಸ್ಸಿನ ಸದ್ದು ಇನ್ನೂ ಕೇಳಿಲ್ಲ. ಹೋಬಳಿಯ ಅಂಚಿನ ಆ ಸಣ್ಣ ಊರಿನಲ್ಲಿ, ಟ್ಯಾಂಕಿನ ಬುಡದಲ್ಲಿ ಓಬಳಮ್ಮ ಕುಕ್ಕರಗಾಲಲ್ಲಿ ಕೂತಿದ್ದಾರೆ. ವಾಲ್ವಿನ ಮೇಲಿನ ಮಣ್ಣು ಒರೆಸಿ, ಗಂಗಮ್ಮ ತಾಯಿಗೆ ಕೈ ಮುಗಿದು, ಕಬ್ಬಿಣದ ರಾಡು ತಿರುಗಿಸುತ್ತಾರೆ. ಪೈಪಿನೊಳಗೆ ಗಾಳಿ ಕೆಮ್ಮುತ್ತದೆ, ಆಮೇಲೆ ನೀರು ಹರಿಯುತ್ತದೆ. ಮೇಲಿನ ಬೀದಿಯ ಬಾಗಿಲುಗಳಲ್ಲಿ ಕೊಡಗಳು ತೀರ್ಥಕ್ಕೆ ಚಾಚಿದ ಕೈಗಳಂತೆ ಕಾಯುತ್ತಿವೆ.

ನೀರು ಬಿಡುವ ಕೆಲಸ ಮೊದಲು ಗಂಡ ಲಕ್ಷ್ಮಯ್ಯನದು. ಅವರ ಕಾಲಿನ ಶಕ್ತಿ ಹೋದ ಮೇಲೆ ಪಂಚಾಯ್ತಿಯವರು ಹೆಂಡತಿಗೆ ಕೊಟ್ಟರು. ಓಬಳಮ್ಮ ಹೇಳುತ್ತಾರೆ: "ಹೆಂಗ್ಸು ಹೆಂಗೆ ವಾಲು ತಿರುಗಿಸ್ತಾಳೆ ಅಂತ ನಗಾಡಿದ್ರು ಸಾ. ನೀರು ಬಂದ್ಮೇಲೆ ನಗೋದು ಬುಟ್ರು."

ಹಿಂದೆ ಊರಿಗೆಲ್ಲ ನಲ್ಲಿ ಕೂರಿಸಿದ ಒಂದೇ ನೀರಿನ ತೊಂಬೆ. ಆಗ ಜಗಳವಿರಲಿಲ್ಲವೇ? ಎಲೆಕ್ಷನ್ ಬಂತೆಂದರೆ ತೊಂಬೆಯ ಸುತ್ತ ಬೈಗುಳವೇ ಬೈಗುಳ. ಆದರೆ ತುಂಬಿದ ಕೊಡವನ್ನು ತಾನೊಬ್ಬಳೇ ತಲೆಗೇರಿಸಿಕೊಳ್ಳುವುದು ಕಷ್ಟ. "ಬೈದೋಳ್ನೇ ಕರ್ದು, ಒಸಿ ಎತ್ಕೊಡವ್ವ ಅನ್ಬೇಕಿತ್ತು. ಅವ್ಳೂ ಬೈಕಂಡೇ ಎತ್ಕೊಡೋಳು."

ಈಗ ಮನೆಮನೆಗೆ ನಲ್ಲಿ ಬಂದಿದೆ, ಕೈಗೆ ಫೋನು ಬಂದಿದೆ. ನೀರಿನ ಸುದ್ದಿಗೆಂದೇ ಒಂದು ವಾಟ್ಸ್ಆ್ಯಪ್ ಗುಂಪು ಮಾಡಿದರು. ಓದು ಬರಹ ಅಷ್ಟಕ್ಕಷ್ಟೇ ಆದ ಓಬಳಮ್ಮ ಯಾವ ಬೀದಿಗೆ ನೀರು ಎಂದು ಫೋನಿಗೆ ಹೇಳಿ ಕಳಿಸುತ್ತಿದ್ದರು. ಮೆಲ್ಲಗೆ ಆ ಮಾತಿನ ಕೆಳಗೆ ದೂರದ ಊರುಗಳ ರಾಜಕೀಯದ ಜಗಳ ಬಂದು ಬೀಳತೊಡಗಿತು. ಮೇಷ್ಟ್ರು ಸುರೇಶ್ ಎಡಪಂಥದ ಕಡೆ. ಸೋಲಾರ್ ಪಾರ್ಕಿನಲ್ಲಿ ದುಡಿಯುವ ನವೀನ್ ಕುಮಾರ್ ಬಲಪಂಥದ ಕಡೆ. ಇಬ್ಬರೂ ಕೆಳಗಿನ ಬೀದಿಯ ಎದುರುಬದುರು ಮನೆಯಲ್ಲಿ ಆಡಿ ಬೆಳೆದವರು.

ಯಾರು ಏನು ಹಾಕಿದರೂ ಓಬಳಮ್ಮ ಅದರ ಕೆಳಗೊಂದು ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಚಿಕ್ಕವರಿದ್ದಾಗ ಅಜ್ಜಿಯ ಕತೆಗೆ ಹೂಂಗುಟ್ಟುವ ಕೆಲಸ ಅವರದೇ; ಹೂಂ ಅನ್ನದಿದ್ದರೆ ಅಜ್ಜಿ ಕತೆಯನ್ನು ಅಲ್ಲೇ ನಿಲ್ಲಿಸಿಬಿಡುತ್ತಿದ್ದರಂತೆ. "ಹೇಳೋರಿಗೆ ಹೂಂ ಅನ್ಬೇಕಲ್ವಾ ಸಾ? ಅಂಗೇ ಒತ್ತಿದೆ."

ಅದೇ ತಪ್ಪಾಯಿತು. ಸುರೇಶನ ಕಡೆಯವರಿಗೆ ಓಬಳಮ್ಮ ನವೀನನ ಕಡೆಯವರಾಗಿ ಕಂಡರು, ನವೀನನ ಕಡೆಯವರಿಗೆ ಸುರೇಶನ ಕಡೆಯವರಾಗಿ. ಗುಂಪು ಒಡೆದು ಎರಡಾಯಿತು. ಒಂದನ್ನು ಬಿಡು ಎಂದು ಎರಡೂ ಕಡೆಯವರು ಹಟ ಹಿಡಿದರು. ನೀರು ಎರಡೂ ಕಡೆಯವರಿಗೆ ಬೇಕಲ್ಲ ಎಂದು ಓಬಳಮ್ಮ ಬಿಡಲಿಲ್ಲ. ಕೊನೆಗೆ ಎರಡೂ ಗುಂಪಿನವರು ಓಬಳಮ್ಮನನ್ನೇ ತೆಗೆದುಹಾಕಿದರು. ಅದರ ಬೆನ್ನಿಗೇ ಪಂಚಾಯ್ತಿಗೆ ದೂರು: ಈಕೆ ತನ್ನ ಕಡೆಯವರು ಹೆಚ್ಚಿರುವ ಬೀದಿಗೆ ಜಾಸ್ತಿ ನೀರು ಬಿಡುತ್ತಾಳೆ.

ಇದನ್ನು ಹೇಳುವಾಗ ಓಬಳಮ್ಮನ ದನಿ ತಗ್ಗುತ್ತದೆ. "ಕೆಲ್ಸ ಹೋದ್ರೆ ಕೂಲಿಗೋಗ್ತೀನಿ. ನೀರಲ್ಲಿ ಭೇದ ಮಾಡ್ದೋಳು ಅನ್ನಿಸ್ಕಂಡು ಇದೇ ಊರಲ್ಲಿ ಹೆಂಗಿರ್ಲಿ?"

ಅಷ್ಟರಲ್ಲಿ ಎರಡೂ ಬೀದಿಯ ಹೆಂಗಸರು ಪಂಚಾಯ್ತಿಗೆ ಹೋಗಿ, ನಮ್ಮ ಕೊಡ ಒಂದು ದಿನವೂ ಅರ್ಧಕ್ಕೆ ನಿಂತಿಲ್ಲ ಎಂದರು. ಮುಂದೆ ನಿಂತು ಮಾತಾಡಿದವರು ನವೀನನ ತಾಯಿ ಭೀಮಕ್ಕ. ಕೆಲಸ ಉಳಿಯಿತು, ಗುಂಪುಗಳೂ ಎರಡಾಗಿಯೇ ಉಳಿದವು. ಎರಡೂ ಗುಂಪಿನ ಕೆಲವರು ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದಾಗ ಓಬಳಮ್ಮನೇ ಬೇಡವೆಂದರು. ಈಗ ವಾಲ್ವು ತಿರುಗಿಸುವ ಮೊದಲು ಪ್ರತಿ ಬಾಗಿಲಿಗೂ ನಡೆದು ಕೂಗಿ ಬರುತ್ತಾರೆ. ಹೆಂಗಸರು, ಮುದುಕರು ಓಗೊಡುತ್ತಾರೆ. ಸುರೇಶ್, ನವೀನ್ ಇಬ್ಬರೂ ಮಾತ್ರ ಸುಮ್ಮನೆ ನಲ್ಲಿ ತಿರುಗಿಸಿಕೊಳ್ಳುತ್ತಾರೆ. "ನನ್ನ ಒಪ್ಕಳ್ಳಿ ಅಂತಿಲ್ಲ ಸಾ. ಕೂಗ್ದಾಗ ಒಳಗಿಂದ ಒಂದು ಮಾತು ಬಂದ್ರೆ ಸಾಕು."

ಕೆಳಗಿನ ಬೀದಿಯ ಸರದಿ ಬಂದಿದೆ. ಬೆಳಕು ಹರಿಯುತ್ತಿದೆ. ನವೀನನ ಬಾಗಿಲಲ್ಲಿ ನಿಂತು ಕೂಗುತ್ತಾರೆ: "ಲೇ ನವೀನ, ನೀರು ಬುಡ್ತೀನಿ, ಹಿಡ್ಕಳ್ಳಲಾ."

ಒಳಗೆ ಕೊಡ ಸರಿಸಿದ ಸದ್ದು. ಆಮೇಲೆ ನವೀನನ ದನಿ: "ಮೇಷ್ಟ್ರಿಗೇ ಬುಡೋಗು ಮೊದ್ಲು."

"ಒಂದೇ ಪೈಪು ಕಣ್ಲಾ."

ಎದುರು ಮನೆಯೊಳಗಿಂದ ಮೇಷ್ಟ್ರು ನಕ್ಕದ್ದು ಕೇಳುತ್ತದೆ. ಓಬಳಮ್ಮ ನಗುವುದಿಲ್ಲ. ಸೆರಗು ಸಿಕ್ಕಿಸಿಕೊಂಡು ವಾಲ್ವಿನ ಕಡೆ ನಡೆಯುತ್ತಾ ಮೆಲ್ಲಗೆ ಹೇಳುತ್ತಾರೆ:

"ಇಷ್ಟು ದಿನಕ್ಕೆ ಇವತ್ತು ಬಾಯ್ಬುಟ್ಟ. ಚುಚ್ಚಿದ್ರೂ ಚಿಂತಿಲ್ಲ ಸಾ, ಮಾತಾಡ್ದ."